ಸಾಂಟಾ ಕ್ಲಾರಾ ಕೌಂಟಿಯ ಬಾಡಿಗೆ: ನಾನು ಲೆಕ್ಕ ಹಾಕುವ ಬಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಎರಡು ಬೆಡ್‌ರೂಮಿನ ಮನೆಗೆ ಬಾಡಿಗೆ ಎಷ್ಟಿದೆ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ಯಾವ ಬಾಡಿಗೆ? ಜಾಹೀರಾತಿನಲ್ಲಿ ಹಾಕಿರುವುದೋ, ಈ ತಿಂಗಳು ಹೊಸದಾಗಿ ಸೇರಿದವರು ನಿಜಕ್ಕೂ ಕೊಡುವುದೋ, ಎಂಟು ವರ್ಷದಿಂದ ಅದೇ ಮನೆಯಲ್ಲಿರುವವರು ಕೊಡುತ್ತಿರುವುದೋ? ಮೂರೂ ಬೇರೆ ಬೇರೆ. ಮೂರನ್ನೂ ಕಲಸಿ ಮಾಡಿದ ‘ಸರಾಸರಿ’ಯನ್ನು ಹಿಡಿದು ಲೀಸಿಂಗ್ ಆಫೀಸಿಗೆ ಹೋದರೆ ಅಲ್ಲಿಯವರು ನಕ್ಕು ಕಳಿಸುತ್ತಾರೆ. ಗಿಲ್‌ರಾಯ್‌ನಿಂದ ಪಾಲೊ ಆಲ್ಟೊವರೆಗೆ 15 ನಗರಗಳಿರುವ ಕೌಂಟಿ ಇದು. ಹಾಗಾಗಿ ಕೌಂಟಿಯ ಅಂಕಿಯಲ್ಲಿ ನಾನು ದಿಕ್ಕು ಮಾತ್ರ ನೋಡುತ್ತೇನೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು. ಬೆಲೆಯನ್ನು ಮನೆಯ ಸುತ್ತಿನ ಎರಡು ಮೈಲಿಯಲ್ಲಿ ಕೈಯಾರೆ ಹೆಕ್ಕುತ್ತೇನೆ.

ದಿಕ್ಕಿಗೆ ಮೂರು ಮೂಲ ಸಾಕು. ಮೊದಲನೆಯದು ಮನೆ ಜಾಹೀರಾತುಗಳ ತಾಣ ನಡೆಸುವ ಜಿಲ್ಲೊ ಕಂಪನಿ ಪ್ರತಿ ತಿಂಗಳು ಬಿಡುವ ಬಾಡಿಗೆ ಸೂಚ್ಯಂಕ. ಕೌಂಟಿ, ನಗರ, ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಮಟ್ಟದಲ್ಲಿ ಉಚಿತವಾಗಿ ಸಿಗುತ್ತದೆ. ಅದು ಜಾಹೀರಾತಿನಲ್ಲಿ ಕೇಳುವ ಬಾಡಿಗೆ, ಅದೂ ತೀರಾ ಅಗ್ಗದವನ್ನೂ ತೀರಾ ದುಬಾರಿಯವನ್ನೂ ಬಿಟ್ಟು ಮಧ್ಯದವುಗಳದು. ಏರಿಳಿತವನ್ನು ನಯ ಮಾಡಿರುವುದರಿಂದ ಮಾರುಕಟ್ಟೆ ತಿರುಗಿದ್ದು ಅದರಲ್ಲಿ ಕಾಣುವುದು ತುಸು ತಡವಾಗಿ. ಡೌನ್‌ಲೋಡ್ ಮಾಡುವಾಗ ‘ಸ್ಯಾನ್ ಹೋಸೆ ಮೆಟ್ರೊ’ (ನಗರ ಮತ್ತು ಸುತ್ತಲಿನ ಪ್ರದೇಶ) ಆರಿಸಿದರೆ ಪಕ್ಕದ ಸ್ಯಾನ್ ಬೆನಿಟೊ ಕೌಂಟಿಯೂ ಅದರೊಳಗೆ ಬಂದುಬಿಡುತ್ತದೆ. ಎರಡನೆಯದು ಜನಗಣತಿ ಇಲಾಖೆಯ ಅಮೆರಿಕನ್ ಕಮ್ಯುನಿಟಿ ಸರ್ವೆ, ಬಿ25064 ಎಂಬ ಕೋಷ್ಟಕ. ಇದರಲ್ಲಿ ಕರೆಂಟು, ನೀರು ಸೇರಿದ ಬಾಡಿಗೆ ಇರುತ್ತದೆ. ಹಳೆಯ ಬಾಡಿಗೆದಾರರೂ ಲೆಕ್ಕಕ್ಕೆ ಬರುವುದರಿಂದ ಇವತ್ತಿನ ಬೆಲೆಗಿಂತ ಕಡಿಮೆ ತೋರುತ್ತದೆ. ಮೂರನೆಯದು ವಸತಿ ಇಲಾಖೆ ಹಡ್ ಪ್ರತಿ ಅಕ್ಟೋಬರ್ 1ರಿಂದ ಜಾರಿಗೆ ತರುವ ‘ಫೇರ್ ಮಾರ್ಕೆಟ್ ರೆಂಟ್’. ಹೆಸರು ನೋಡಿ ನ್ಯಾಯವಾದ ಬೆಲೆ ಎಂದುಕೊಳ್ಳಬೇಡಿ. ಈಚೆಗೆ ಮನೆ ಹಿಡಿದವರ ಬಾಡಿಗೆಗಳನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ ನೂರಕ್ಕೆ ನಲವತ್ತನೆಯ ಸ್ಥಾನದಲ್ಲಿ ಇರುವುದು ಅದು, ಕಡಿಮೆ ಆದಾಯದವರ ಬಾಡಿಗೆಗೆ ಸರ್ಕಾರ ನೆರವಾಗುವ ವೋಚರ್ ಯೋಜನೆಗಾಗಿ ಮಾಡಿದ್ದು. ಜಿಪ್ ಕೋಡ್‌ವಾರು ಪಟ್ಟಿಯೂ ಇರುವುದರಿಂದ ಎರಡು ಬಡಾವಣೆಗಳ ನಡುವಿನ ಅಂತರ ತಿಳಿಯಲು ನನಗೆ ಇದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಇನ್ನು ಬೆಲೆಯ ಕೆಲಸ. ಒಂದು ಸ್ಪ್ರೆಡ್‌ಶೀಟಿನಲ್ಲಿ ದಿನಾಂಕ, ಜಿಪ್, ಬೆಡ್ರೂಮು, ಬಾತ್ರೂಮು, ಚದರಡಿ, ಕಟ್ಟಿದ ವರ್ಷ, ಕೇಳಿದ ಬಾಡಿಗೆ, ರಿಯಾಯಿತಿ, ಲೀಸ್ ಎಷ್ಟು ತಿಂಗಳು, ವಾಷರ್-ಡ್ರೈಯರ್ ಮನೆಯೊಳಗೋ ಹೊರಗೋ, ಪಾರ್ಕಿಂಗ್, ನೀರು-ಕಸದ ಬಿಲ್ಲು ಯಾರದು ಎಂಬ ಅಂಕಣಗಳು. ಎರಡು ಮೈಲಿಯೊಳಗೆ, ನನಗೆ ಬೇಕಾದ ವಿಸ್ತೀರ್ಣಕ್ಕಿಂತ ಶೇ 15 ಆಚೀಚೆ ಇರುವ 25ರಿಂದ 30 ಮನೆಗಳು. ಅದಕ್ಕಿಂತ ಅಗಲವಾಗಿ ಬಲೆ ಬೀಸುವುದಿಲ್ಲ, ಯಾಕೆಂದರೆ ಮನೆ ದೊಡ್ಡದಾದಂತೆ ಚದರಡಿಯ ಬೆಲೆ ಇಳಿಯುತ್ತದೆ. 700 ಚದರಡಿಯದನ್ನೂ 1,100ರದನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಉತ್ತರ ತಪ್ಪು. ಒಂದೇ ಕಾಂಪ್ಲೆಕ್ಸಿನ ಆರು ಮನೆಗಳು ಪಟ್ಟಿಯಲ್ಲಿದ್ದರೆ ಎರಡನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಕೊನೆಗೆ ಸರಾಸರಿ ಅಲ್ಲ, ಮಧ್ಯಾಂಕ (ಬೆಲೆಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು) ತೆಗೆಯುತ್ತೇನೆ. ಅಕ್ಕಪಕ್ಕದವಕ್ಕಿಂತ ಕಾಲು ಭಾಗ ಅಗ್ಗವಾಗಿ ಕಾಣುವ ಒಂಟಿ ಮನೆಯ ಜಾಹೀರಾತು ಬಹುಪಾಲು ಮೋಸದ್ದು. ಅದು ಪಟ್ಟಿಗೇ ಬರುವುದಿಲ್ಲ.

ಎಂಟು ವಾರ, ಪ್ರತಿ ಭಾನುವಾರ ಇದನ್ನು ತುಂಬಿದರೆ ಚಿತ್ರ ತಿಳಿಯಾಗುತ್ತದೆ. ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ದೊಡ್ಡ ಕಾಂಪ್ಲೆಕ್ಸುಗಳಲ್ಲಿ ಬೆಲೆ ದಿನದಿನಕ್ಕೆ ಬದಲಾಗುವುದಷ್ಟೇ ಅಲ್ಲ, ನೀವು ಸೇರುವ ದಿನ ಮತ್ತು ಲೀಸಿನ ಅವಧಿಯ ಮೇಲೂ ಬದಲಾಗುತ್ತದೆ. ಲೀಸು ಚಳಿಗಾಲದಲ್ಲಿ ಮುಗಿಯುವುದು ಮಾಲೀಕರಿಗೆ ಬೇಡ, ಹಾಗಾಗಿ ಬೇಸಿಗೆಯಲ್ಲಿ ಮುಗಿಯುವಂತೆ 13 ಅಥವಾ 15 ತಿಂಗಳಿಗೆ ದರ ಇಳಿಸಿರುತ್ತಾರೆ. ಒಂದು ವಾರ 12 ತಿಂಗಳ ದರ, ಮುಂದಿನ ವಾರ 15 ತಿಂಗಳ ದರ ಬರೆದುಕೊಂಡರೆ ಬಾಡಿಗೆ ಬಿತ್ತು ಎಂದು ಭ್ರಮೆಯಾಗುತ್ತದೆ. ಪ್ರತಿ ಸಲವೂ ‘ಇವತ್ತಿನಿಂದ 30 ದಿನಕ್ಕೆ ಸೇರುವುದು, 12 ತಿಂಗಳು’ ಎಂದೇ ಹಾಕಿ ನೋಡಬೇಕು.

ರಿಯಾಯಿತಿಯನ್ನು ಕಳೆಯದ ಬಾಡಿಗೆ ಬರೀ ಬೋರ್ಡಿನ ಮೇಲೆ ಬರೆದ ಬೆಲೆ. ‘ಒಂದು ತಿಂಗಳು ಉಚಿತ’ ಎಂದಿದ್ದರೆ ಲೀಸಿನ ತಿಂಗಳುಗಳಿಂದ ಉಚಿತ ತಿಂಗಳನ್ನು ಕಳೆದು, ಬಾಡಿಗೆಯಿಂದ ಗುಣಿಸಿ, ಮತ್ತೆ ಲೀಸಿನ ತಿಂಗಳುಗಳಿಂದ ಭಾಗಿಸಬೇಕು. ಆರು ವಾರ ಉಚಿತ ಎಂದರೆ 1.38 ತಿಂಗಳು ಎಂದು ಹಿಡಿಯುತ್ತೇನೆ. ಲೆಕ್ಕಕ್ಕೆ ಎರಡು ಮನೆ ಇಟ್ಟುಕೊಳ್ಳೋಣ. ಸನ್ನಿವೇಲ್‌ನದು 3,400 ಡಾಲರ್, 12ರಲ್ಲಿ ಒಂದು ತಿಂಗಳು ಉಚಿತ; ನಿವ್ವಳ 3,117. ಅದಕ್ಕೆ ನೀರು-ಚರಂಡಿ-ಕಸ 120, ಎರಡನೆಯ ಕಾರಿಗೆ 50, ಕರೆಂಟು 150 ಸೇರಿಸಿದರೆ 3,437. ಸಾಂಟಾ ಕ್ಲಾರಾ ನಗರದ್ದು 3,250, ರಿಯಾಯಿತಿ ಇಲ್ಲ, ನೀರು-ಕಸ-ಪಾರ್ಕಿಂಗ್ ಒಳಗೇ; ಕಾಸು ಹಾಕುವ ಲಾಂಡ್ರಿಗೆ 60, ಕರೆಂಟು 80. ಒಟ್ಟು 3,390. ಮೊದಲ ವರ್ಷ ಅಂತರ ತಿಂಗಳಿಗೆ 47 ಡಾಲರ್ ಮಾತ್ರ. ಮನೆಯೊಳಗೇ ವಾಷರ್ ಇರುವ ಮೊದಲನೆಯದೇ ವಾಸಿ ಅನ್ನಿಸುತ್ತದೆ. ಎರಡನೆಯ ವರ್ಷ ಉಚಿತ ತಿಂಗಳು ಹೋಗುತ್ತದೆ. ಇಬ್ಬರೂ ಒಂದು ಡಾಲರೂ ಏರಿಸದಿದ್ದರೂ ಅಂತರ 330.

ಕರೆಂಟಿನ ಅಂಕಿ ಸುಮ್ಮನೆ ಹಾಕಿದ್ದಲ್ಲ. ಕೌಂಟಿಯ ಹೆಚ್ಚಿನ ಕಡೆ ಪಿಜಿ ಆ್ಯಂಡ್ ಇ ಎಂಬ ಖಾಸಗಿ ವಿದ್ಯುತ್ ಕಂಪನಿಯ ಬಿಲ್ಲು. ಆದರೆ ಸಾಂಟಾ ಕ್ಲಾರಾ ನಗರಕ್ಕೆ ತನ್ನದೇ ವಿದ್ಯುತ್ ಸಂಸ್ಥೆ ಸಿಲಿಕಾನ್ ವ್ಯಾಲಿ ಪವರ್ ಇದೆ, ಯೂನಿಟ್ ದರ ಬಹಳ ಕಡಿಮೆ. ಪಾಲೊ ಆಲ್ಟೊಗೂ ಸ್ವಂತ ವ್ಯವಸ್ಥೆ ಇದೆ. ಹಳೆಯ ಕಟ್ಟಡದಲ್ಲಿ ಗೋಡೆಯ ಬುಡದ ವಿದ್ಯುತ್ ಹೀಟರ್ ಇದ್ದರೆ, ರಸ್ತೆಯ ಈ ಬದಿಯೋ ಆ ಬದಿಯೋ ಎನ್ನುವುದು ಜನವರಿಯ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಇನ್ನೊಂದು: ನೀರಿಗೆ ಪ್ರತ್ಯೇಕ ಮೀಟರ್ ಇಲ್ಲದೆ ಇಡೀ ಕಟ್ಟಡದ ಬಿಲ್ಲನ್ನು ತಲೆ ಎಣಿಸಿ ಹಂಚುವ ಪದ್ಧತಿ ಇದೆ. ನೀವು ಉಳಿಸಿದರೂ ಬಿಲ್ಲು ಇಳಿಯುವುದಿಲ್ಲ. ಹಿಂದಿನ ಮೂರು ತಿಂಗಳ ಬಿಲ್ಲು ತೋರಿಸಿ ಎಂದು ಕೇಳಿಯೇ ಸಹಿ ಹಾಕಬೇಕು.

ಕಟ್ಟಿದ ವರ್ಷದ ಅಂಕಣ ಯಾಕೆ ಅಂದರೆ, ಮುಂದಿನ ವರ್ಷ ಎಷ್ಟು ಏರಬಹುದು ಎಂಬುದು ಅದರಲ್ಲೇ ಅಡಗಿದೆ. ಸ್ಯಾನ್ ಹೋಸೆ ನಗರದಲ್ಲಿ 1979ರ ಸೆಪ್ಟೆಂಬರ್ 7ಕ್ಕಿಂತ ಮುಂಚಿನ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡವಾದರೆ ವರ್ಷಕ್ಕೆ ಶೇ 5ರ ಮಿತಿ. ಮೌಂಟನ್ ವ್ಯೂನಲ್ಲಿ 1995ರ ಫೆಬ್ರುವರಿ 1ಕ್ಕಿಂತ ಹಳೆಯ ಅಂಥ ಕಟ್ಟಡಗಳಿಗೆ ಹಣದುಬ್ಬರದಷ್ಟು, ಶೇ 2ರಿಂದ 5ರ ನಡುವೆ. ಉಳಿದ ಹೆಚ್ಚಿನ ಕಡೆ 2020ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನು ಎಬಿ 1482: ಶೇ 5 ಜೊತೆಗೆ ಹಣದುಬ್ಬರ, ಒಟ್ಟು ಶೇ 10 ಮೀರುವಂತಿಲ್ಲ. 15 ವರ್ಷದೊಳಗಿನ ಹೊಸ ಕಟ್ಟಡಕ್ಕೆ ಇದು ಅನ್ವಯಿಸುವುದಿಲ್ಲ. ವ್ಯಕ್ತಿಯೊಬ್ಬರ ಒಡೆತನದ ಒಂಟಿ ಮನೆ, ಕಾಂಡೊಗೂ (ಬಿಡಿಯಾಗಿ ಮಾರುವ ಫ್ಲ್ಯಾಟ್) ವಿನಾಯಿತಿ ಉಂಟು, ಆದರೆ ಹಾಗೆಂದು ಬರಹದಲ್ಲಿ ತಿಳಿಸಿದ್ದರೆ ಮಾತ್ರ. ಅಷ್ಟೇ ಅಲ್ಲ, ಈ ಮಿತಿಗಳೆಲ್ಲ ಇರುವ ಬಾಡಿಗೆದಾರರಿಗೆ; ಮನೆ ಖಾಲಿಯಾದರೆ ಮಾಲೀಕರು ಹೊಸಬರಿಗೆ ಮಾರುಕಟ್ಟೆ ದರವನ್ನೇ ಹೇಳಬಹುದು. ಹಳಬರ ಬಾಡಿಗೆಗೂ ಹೊಸಬರದಕ್ಕೂ ಇಷ್ಟು ಕಂದರ ಇರುವುದು ಅದಕ್ಕೇ.

ಈ ಶೇಕಡಾ ಲೆಕ್ಕದಲ್ಲಿ ತಿಳಿದವರೂ ತಪ್ಪುತ್ತಾರೆ. ನಮ್ಮ ಕೌಂಟಿಗೆ ಸ್ಯಾನ್ ಫ್ರಾನ್ಸಿಸ್ಕೊದ ಹಣದುಬ್ಬರ ಸೂಚ್ಯಂಕ ಅಲ್ಲ; ಎಬಿ 1482ರ ಪ್ರಕಾರ ಅದು ಅಲಮೇಡಾ, ಕಾಂಟ್ರಾ ಕೋಸ್ಟಾ, ಮರಿನ್, ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಮಟೇಯೊ ಕೌಂಟಿಗಳಿಗೆ. ಸಾಂಟಾ ಕ್ಲಾರಾಗೆ ಇಡೀ ಕ್ಯಾಲಿಫೋರ್ನಿಯಾದ ಸೂಚ್ಯಂಕ. ಅಲಮೇಡಾ ಕೌಂಟಿಯ ಫ್ರೀಮಾಂಟ್‌ನ ಗೆಳೆಯರಿಗೆ ಬಂದ ಮಿತಿ ನಮ್ಮ ಕೌಂಟಿಯ ಮಿಲ್ಪಿಟಾಸ್‌ನಲ್ಲಿ ನಡೆಯುವುದಿಲ್ಲ. ಇನ್ನೊಂದು ಸೂಕ್ಷ್ಮ, ರಿಯಾಯಿತಿಯದು: ಎಬಿ 1482ರ ಮಿತಿಯನ್ನು ಲೆಕ್ಕ ಹಾಕುವುದು ಬೋರ್ಡಿನ ಬಾಡಿಗೆಯ ಮೇಲೆ, ನಿವ್ವಳದ ಮೇಲಲ್ಲ. ಮೇಲಿನ ಉದಾಹರಣೆಯಲ್ಲಿ 3,117ರಿಂದ 3,400ಕ್ಕೆ ಹೋಗುವುದು ಜೇಬಿನ ಮಟ್ಟಿಗೆ ಶೇ 9ರ ಏರಿಕೆ, ಕಾನೂನಿನ ಕಣ್ಣಿಗೆ ಸೊನ್ನೆ.

ಶಾಲೆಗಾಗಿ ಮನೆ ಹುಡುಕುವವರು ನಗರದ ಹೆಸರು ನಂಬಬಾರದು. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿಗೂ (ಡಿಸ್ಟ್ರಿಕ್ಟ್ ಎಂದರೆ ಇಲ್ಲಿ ಶಾಲಾ ವಲಯ) ಫ್ರೀಮಾಂಟ್ ಊರಿಗೂ ಸಂಬಂಧವಿಲ್ಲ, ಅದು ಕುಪರ್ಟಿನೊ-ಸನ್ನಿವೇಲ್ ಕಡೆಯದು. ಪಶ್ಚಿಮ ಸ್ಯಾನ್ ಹೋಸೆಯ ಕೆಲವು ಬೀದಿಗಳು ಕುಪರ್ಟಿನೊ ಡಿಸ್ಟ್ರಿಕ್ಟಿಗೆ ಸೇರುತ್ತವೆ. ಜಾಹೀರಾತಿನಲ್ಲಿ ಏನೇ ಬರೆದಿರಲಿ, ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಮನೆ ನಂಬರು ಹಾಕಿ ನೋಡಬೇಕು.

ಕಾಲದ ವಿಷಯ ಚಿಕ್ಕದು. ಮೇಯಿಂದ ಆಗಸ್ಟ್‌ವರೆಗೆ ಬೆಲೆ ಬಿಗಿ: ಇಂಟರ್ನ್‌ಗಳು, ಹೊಸ ನೌಕರರು, ಶಾಲೆ ಬದಲಿಸುವವರು ಒಟ್ಟಿಗೆ ಬರುತ್ತಾರೆ. ದೀಪಾವಳಿ ಮುಗಿದು ಸಂಕ್ರಾಂತಿ ಬರುವವರೆಗೆ ಸಡಿಲ. ಹಾಗಾಗಿ ಈ ಜುಲೈಯನ್ನು ಹೋದ ಜುಲೈ ಜೊತೆ ಹೋಲಿಸಬೇಕೇ ಹೊರತು ಜನವರಿಯ ಜೊತೆ ಅಲ್ಲ. 2020ರಲ್ಲಿ ಮನೆಯಿಂದಲೇ ಕೆಲಸ ಶುರುವಾದಾಗ ಇಲ್ಲಿನ ಬಾಡಿಗೆ ಜೋರಾಗಿ ಬಿತ್ತು. ಆ ಕುಸಿತದ ತಳವನ್ನು ಬುಡವಾಗಿಟ್ಟು ತೋರಿಸುವ ಯಾವ ಏರಿಕೆಯ ಶೇಕಡಾವೂ ಉಬ್ಬಿಸಿದ್ದೇ.

ಲೀಸ್ ನವೀಕರಣಕ್ಕೆ 75 ದಿನ ಮುಂಚೆ ಪಟ್ಟಿಯಿಂದ ಹತ್ತಿರದ ಐದು ಮನೆಗಳನ್ನು, ಅವುಗಳ ನಿವ್ವಳ ಬಾಡಿಗೆಯೊಂದಿಗೆ, ಇಮೇಲಿನಲ್ಲೇ ಕಳಿಸುತ್ತೇನೆ. ಮಾತಿನಲ್ಲಿ ಹೇಳಿದ್ದು ಮ್ಯಾನೇಜರ್ ಬದಲಾದ ದಿನ ಮರೆತುಹೋಗುತ್ತದೆ. ಬಾಡಿಗೆ ಇಳಿಸಲು ಒಪ್ಪದವರು ಪಾರ್ಕಿಂಗ್ ಶುಲ್ಕ ಬಿಡಲು ಒಪ್ಪುತ್ತಾರೆ, ಬೋರ್ಡಿನ ಬಾಡಿಗೆ ಹಾಗೇ ಉಳಿಯುವುದು ಅವರಿಗೆ ಮುಖ್ಯ. ಏರಿಕೆ ಶೇ 10ರ ಒಳಗಿದ್ದರೆ 30 ದಿನದ ನೋಟಿಸು ಸಾಕು, ಮೀರಿದರೆ 90 ದಿನ ಬೇಕು. ಅಡ್ವಾನ್ಸು, ಬೆಂಗಳೂರಿನ ಹತ್ತು ತಿಂಗಳು ನೋಡಿದವರಿಗೆ ಹಿತವೆನಿಸುವಂತೆ, 2024ರ ಜುಲೈ 1ರಿಂದ ಒಂದೇ ತಿಂಗಳ ಬಾಡಿಗೆ. ಒಟ್ಟು ನಾಲ್ಕು ಮನೆ ಮೀರದ, ಎರಡಕ್ಕಿಂತ ಹೆಚ್ಚು ಆಸ್ತಿ ಬಾಡಿಗೆಗೆ ಕೊಡದ ಸಣ್ಣ ಮಾಲೀಕರು ಎರಡು ತಿಂಗಳಿನದು ಕೇಳಬಹುದು. ಮನೆ ಬಿಟ್ಟ 21 ದಿನದೊಳಗೆ ಬಾಕಿ ಹಣ, ಕಡಿತದ ವಿವರ ಎರಡೂ ಬರಬೇಕು. 2026ರ ಜನವರಿ 1ರ ನಂತರ ಮಾಡಿದ ಅಥವಾ ನವೀಕರಿಸಿದ ಲೀಸಾದರೆ ಒಲೆ, ಫ್ರಿಜ್ಜು ಮಾಲೀಕರ ಹೊಣೆ. ನನ್ನ ಪಟ್ಟಿಯಲ್ಲಿ ಅದಕ್ಕೂ ಹಿಂದೆ ಬರೆದುಕೊಂಡ ಸಾಲುಗಳಲ್ಲಿ ಫ್ರಿಜ್ಜು ಇಲ್ಲದ ಮನೆಗಳು ಸಿಗುತ್ತವೆ. ಅವನ್ನು ಹೋಲಿಸುವಾಗ ಫ್ರಿಜ್ಜಿನ ಬೆಲೆಯನ್ನು 24 ತಿಂಗಳಿಗೆ ಹಂಚಿ ಬಾಡಿಗೆಗೆ ಸೇರಿಸುತ್ತೇನೆ.