ಮರದ ಮುಂದೆ ನಿಂತು ಇಂಗ್ಲಿಷ್ ಕಲಿಯುವುದು ಹೇಗೆ?

ಮರದ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಹೇಳು ಅಂದರೆ ನಮ್ಮ ಹೈಸ್ಕೂಲು ಮಕ್ಕಳು 'ಟ್ರೀಸ್ ಗಿವ್ ಅಸ್ ಆಕ್ಸಿಜನ್' ಅಂದು ಸುಮ್ಮನಾಗುತ್ತಾರೆ. ಅದಕ್ಕೆ ಮದ್ದು ಪುಸ್ತಕದಲ್ಲಿಲ್ಲ. ದಾವಣಗೆರೆಯವರು ಕುಂದವಾಡ ಕೆರೆ ಕಡೆ, ದುರ್ಗದವರು ಚಂದ್ರವಳ್ಳಿ ಕಡೆ ಬೆಳಿಗ್ಗೆ ಹೊರಡಿ. ಬೇವೋ, ಹುಣಸೆಯೋ, ಆಲವೋ, ಯಾವುದಾದರೂ ಒಂದು ಮರದ ಮುಂದೆ ನಿಲ್ಲಿ.

ಮೊದಲು ಬುಡದಿಂದ ಮೇಲಕ್ಕೆ ಕಣ್ಣಾಡಿಸಿ. ಬೇರು ರೂಟ್, ಕಾಂಡ ಟ್ರಂಕ್, ತೊಗಟೆ ಬಾರ್ಕ್. ದಪ್ಪ ಕೊಂಬೆ ಲಿಂಬ್ ಅಥವಾ ಬೌ, ರೆಂಬೆ ಬ್ರಾಂಚ್, ತುದಿಯ ಕಡ್ಡಿ ಟ್ವಿಗ್. ಬೌ ಬರೆಯುವಾಗ ಕೊನೆಗೆ ಜಿ, ಎಚ್ ಬರುತ್ತವೆ, ಬಾಯಲ್ಲಿ ಬರಬಾರದು. ಆಲದ ಬಿಳಲು ಏರಿಯಲ್ ರೂಟ್, ನೆಲಕ್ಕಿಳಿದು ಕಂಬವಾಗಿ ನಿಂತರೆ ಪ್ರಾಪ್ ರೂಟ್. ಕಡಿದ ಮೇಲೆ ಉಳಿಯುವ ಬೊಡ್ಡೆ ಸ್ಟಂಪ್, ದಿಮ್ಮಿ ಲಾಗ್.

ಚನ್ನಗಿರಿ ಕಡೆಯವರಿಗೆ ಈ ಪಟ್ಟಿ ಅರ್ಧ ಕೈಕೊಡುತ್ತದೆ. ಅಡಿಕೆಗೆ ಬ್ರಾಂಚ್ ಎಲ್ಲಿಂದ ಬರಬೇಕು? ಅದರ ಗರಿ ಫ್ರಾಂಡ್, ಊಟದ ತಟ್ಟೆಯಾಗುವ ಹಾಳೆ ಲೀಫ್ ಶೀತ್, ಗೊನೆ ಬಂಚ್. ಅಡಿಕೆಯನ್ನು ಬೀಟಲ್ ನಟ್ ಅನ್ನುವುದು ರೂಢಿ. ಬೀಟಲ್ ಅಂದರೆ ವೀಳ್ಯದೆಲೆ, ಜೊತೆಗೆ ಮೆಲ್ಲುವುದರಿಂದ ಅಂಟಿಕೊಂಡ ಹೆಸರು. ಅರೆಕಾ ನಟ್ ಅನ್ನಿ. ಮಾವು, ಸಪೋಟದ ತೋಟ ಆರ್ಚರ್ಡ್, ಹುಣಸೆ ತೋಪು ಗ್ರೋವ್.

ಎರಡನೆಯದು ಕ್ರಿಯಾಪದ. ಎಲೆ ಉದುರಿಸುವುದು ಶೆಡ್, ಕಾಯಿ ಬಿಡುವುದು ಬೇರ್ ಫ್ರೂಟ್, ಗಾಳಿಗೆ ಬುಡಮೇಲಾದದ್ದು ಅಪ್‌ರೂಟೆಡ್. ತಂತಿಗೆ ತಾಗುವ ಕೊಂಬೆ ಕತ್ತರಿಸುವುದು ಲಾಪ್, ಚೆನ್ನಾಗಿ ಚಿಗುರಲಿ ಅಂತ ಸವರುವುದು ಪ್ರೂನ್. ಬಹಳ ಜನ ಎಡವುವುದು ಫೆಲ್ ಹತ್ತಿರ. 'ದ ಟ್ರೀ ಫೆಲ್' ಅಂದರೆ ಮರ ತಾನಾಗಿ ಬಿತ್ತು. 'ದೇ ಫೆಲ್ಡ್ ದ ಟ್ರೀ' ಅಂದರೆ ಕಡಿದು ಉರುಳಿಸಿದರು. ರಸ್ತೆ ಅಗಲ ಮಾಡಲು ಸಾಲುಮರ ಕಡಿದರೆಂದು ದೂರು ಬರೆಯುವಾಗ 'ದ ಟ್ರೀಸ್ ಫೆಲ್' ಅಂತ ಬರೆದಿರೋ, ಕಡಿದವರು ಪಾರು!

ಇನ್ನು ನೆರಳು. ದುರ್ಗದ ಏಪ್ರಿಲ್ ಬಿಸಿಲಲ್ಲಿ ನಾವು ಹುಡುಕುವ ತಂಪು ಶೇಡ್, ನೆಲದ ಮೇಲೆ ಮೂಡುವ ಮರದ ಆಕಾರ ಶ್ಯಾಡೋ. ಕೋಟೆಯ ಮಂಗ 'ಇನ್ ದ ಟ್ರೀ', ಸೀತಾಫಲ 'ಆನ್ ದ ಟ್ರೀ'. ಎಲೆ, ಕಾಯಿಯಂತೆ ಮರದಲ್ಲೇ ಬೆಳೆದದ್ದಕ್ಕೆ ಆನ್, ಹೊರಗಿನಿಂದ ಬಂದು ರೆಂಬೆಗಳ ನಡುವೆ ಕೂತದ್ದಕ್ಕೆ ಇನ್.

ಇಷ್ಟು ಬಾಯಿಗೆ ಹತ್ತಿದ ಮೇಲೆ ನುಡಿಗಟ್ಟಿಗೆ ಕೈಹಾಕಿ. 'ನಿಪ್ ಇನ್ ದ ಬಡ್' ನಮ್ಮ ಮೊಳಕೆಯಲ್ಲೇ ಚಿವುಟುವುದು. 'ಮನಿ ಡಸಂಟ್ ಗ್ರೋ ಆನ್ ಟ್ರೀಸ್' ಹೊಸ ಮೊಬೈಲ್ ಕೇಳಿದಾಗ ಮನೆಯಲ್ಲಿ ಕೇಳಿಸುವ ಮಾತೇ. 'ಬಾರ್ಕಿಂಗ್ ಅಪ್ ದ ರಾಂಗ್ ಟ್ರೀ'ಯ ಬಾರ್ಕ್ ತೊಗಟೆಯಲ್ಲ, ಬೊಗಳುವುದು. ಬೇಟೆ ಒಂದು ಮರದಲ್ಲಿದ್ದರೆ ನಾಯಿ ಇನ್ನೊಂದರ ಬುಡದಲ್ಲಿ ಬೊಗಳುತ್ತಿದೆ, ಅಮೆರಿಕದ ಬೇಟೆಗಾರರ ಕಡೆಯಿಂದ ಬಂದ ಮಾತು. ಗ್ಯಾಸ್ ಸಿಲಿಂಡರ್ ಬಂದಿಲ್ಲ ಅಂತ ಪೋಸ್ಟ್‌ಮ್ಯಾನ್ ಮೇಲೆ ರೇಗುವವರಿಗೆ ಚೆನ್ನಾಗಿ ಒಪ್ಪುತ್ತದೆ. 'ಔಟ್ ಆಫ್ ದ ವುಡ್ಸ್' ಅಂದರೆ ಗಂಡಾಂತರ ಕಳೆಯಿತು. ಹೆಚ್ಚಾಗಿ ಕೇಳುವುದು 'ನಾಟ್ ಔಟ್ ಆಫ್ ದ ವುಡ್ಸ್ ಯೆಟ್', ಐಸಿಯು ಬಾಗಿಲಲ್ಲಿ.

ಪರೀಕ್ಷೆಯ ಪ್ರಬಂಧಕ್ಕೆ ಇವುಗಳಲ್ಲಿ ಒಂದು ಸಾಕು. ನಾಲ್ಕು ತುರುಕಿದರೆ ಉರು ಹೊಡೆದದ್ದು ಅಂತ ಮೌಲ್ಯಮಾಪಕರಿಗೆ ಗೊತ್ತಾಗಿಬಿಡುತ್ತದೆ.