ಎರಡೂವರೆ ಕಿಲೋಮೀಟರ್ ಸೈಕಲ್, ಉಳಿದದ್ದು ರೈಲು

ಮನೆಯಿಂದ ಕಚೇರಿಗೆ 14 ಕಿಲೋಮೀಟರ್. ಮೊದಲು ಅಷ್ಟೂ ದೂರ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ದೂರಕ್ಕಿಂತ ಹೆಚ್ಚಾಗಿ ನನ್ನನ್ನು ದಣಿಸಿದ್ದು ಭಯ. ಕಟ್ಟೆ ಕಟ್ಟಿ ಬೇರ್ಪಡಿಸಿದ ಸೈಕಲ್ ಪಥದಲ್ಲಿ ನಿರಾಳವಾಗಿ ತುಳಿಯುತ್ತಿದ್ದೆ. ಅದು ಮುಗಿದು ದೊಡ್ಡ ರಸ್ತೆಗೆ ಸೇರಿದ ಕೂಡಲೇ ಬೆನ್ನ ಹಿಂದೆ ಲಾರಿಯ ಸದ್ದು. ಅಲ್ಲಿ ಪಥವೆಂದರೆ ಬರೀ ಬಿಳಿ ಗೆರೆ, ಅದರ ಮೇಲೆ ಸಾಲಾಗಿ ನಿಂತ ಕಾರುಗಳು. ನಾಲ್ಕು ತಿಂಗಳಿಗೆ ಕೈಬಿಟ್ಟೆ.

ಆಮೇಲೆ ರೈಲು ಹಿಡಿದೆ. ರೈಲಿನೊಳಗೆ 20 ನಿಮಿಷ ಮಾತ್ರ. ಆದರೆ ನಿಲ್ದಾಣ ಮನೆಯಿಂದ ಎರಡೂವರೆ ಕಿಲೋಮೀಟರ್. ನಡೆದರೆ ಅರ್ಧ ಗಂಟೆ, ಬಸ್ಸಿಗೆ ಕಾದರೆ ಎಷ್ಟು ಹೊತ್ತೆಂದು ಹೇಳಲಾಗದು. ಒಂದು ಬೆಳಿಗ್ಗೆ ಹಳೆಯ ಸೈಕಲ್ಲಿಗೆ ಗಾಳಿ ತುಂಬಿಸಿ ನಿಲ್ದಾಣದವರೆಗೆ ಮಾತ್ರ ತುಳಿದೆ. ಹತ್ತೇ ನಿಮಿಷ!

ಆ ದಿನ ರೈಲಿನಲ್ಲಿ ಕೂತು ಲೆಕ್ಕ ಹಾಕಿದೆ. ಹತ್ತು ನಿಮಿಷದಲ್ಲಿ ನಡೆಯುವವರು ಸುಮಾರು 800 ಮೀಟರ್ ಹೋಗುತ್ತಾರೆ, ಸೈಕಲ್ಲಿನವರು ಅದರ ಮೂರು ಪಟ್ಟು. ದೂರ ಮೂರು ಪಟ್ಟಾದರೆ ನಿಲ್ದಾಣದ ಸುತ್ತಲಿನ ವಿಸ್ತೀರ್ಣ ಒಂಬತ್ತು ಪಟ್ಟು. ಅಂದರೆ ಒಂದು ಹಳಿಯನ್ನೂ ಹೊಸದಾಗಿ ಹಾಕದೆ ಅದೇ ನಿಲ್ದಾಣ ಎಷ್ಟೋ ಹೆಚ್ಚು ಮನೆಗಳಿಗೆ ಹತ್ತಿರವಾಗುತ್ತದೆ. ಸೈಕಲ್ ಪಥಕ್ಕೆ ಹಾಕುವ ಹಣ ಬಸ್ಸು-ರೈಲಿನ ಪಾಲಿನಿಂದ ಕಿತ್ತದ್ದು ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

ರಸ್ತೆಯ ಅಗಲವನ್ನು ನಿಜವಾಗಿ ತಿನ್ನುವುದು ಕಾರು. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘವಾದ ನ್ಯಾಕ್ಟೊ ಕೊಡುವ ಅಂದಾಜಿನ ಪ್ರಕಾರ, ಸುಮಾರು ಮೂರು ಮೀಟರ್ ಅಗಲದ ಒಂದು ಲೇನ್‌ನಲ್ಲಿ ಗಂಟೆಗೆ ಖಾಸಗಿ ವಾಹನಗಳು ಸಾಗಿಸುವುದು 600ರಿಂದ 1,600 ಜನರನ್ನು. ಬಸ್ಸಿಗೇ ಮೀಸಲಾದ ಲೇನ್ 4,000ದಿಂದ 8,000 ಜನರನ್ನು, ಪ್ರತ್ಯೇಕ ಸೈಕಲ್ ಪಥ 7,500 ಜನರನ್ನು ಸಾಗಿಸಬಲ್ಲದು. ಹಾಗಂತ 14 ಕಿಲೋಮೀಟರನ್ನು ಎಲ್ಲರೂ ತುಳಿಯಲಿ ಎನ್ನಲಾರೆ, ತುಳಿದು ನೋಡಿದ್ದೇನೆ. ದೂರಕ್ಕೆ ರೈಲೇ ಬೇಕು. ಸೈಕಲ್ ಪಥಗಳನ್ನು ಜಾಗ ಸುಲಭವಾಗಿ ಸಿಕ್ಕಿತೆಂದು ಉದ್ಯಾನದ ಬದಿಯಲ್ಲಿ ಹಾಕದೆ, ನಿಲ್ದಾಣದ ಬಾಗಿಲಿನಿಂದ ಶುರುಮಾಡಬೇಕು.

ಪಥದಷ್ಟೇ ಮುಖ್ಯವಾದದ್ದು ಸೈಕಲ್ ನಿಲ್ಲಿಸುವ ಜಾಗ. ಎರಡನೇ ವಾರದಲ್ಲೇ ನನ್ನ ಸೈಕಲ್ ಕಳುವಾಯಿತು: ಮುಂದಿನ ಚಕ್ರವನ್ನಷ್ಟೇ ಕಂಬಕ್ಕೆ ಬಿಗಿದಿದ್ದೆ, ಸಂಜೆ ಬಂದಾಗ ಚಕ್ರ ಮಾತ್ರ ಉಳಿದಿತ್ತು. ಈಗ ಚೌಕಟ್ಟು ಮತ್ತು ಹಿಂದಿನ ಚಕ್ರ ಎರಡನ್ನೂ ಸೇರಿಸಿ ಬೀಗ ಹಾಕುತ್ತೇನೆ. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ನಗರದ ಮುಖ್ಯ ರೈಲು ನಿಲ್ದಾಣದಡಿ 12,500 ಸೈಕಲ್‌ಗಳಿಗೆ ಜಾಗವಿದೆ, 2019ರಲ್ಲಿ ಪೂರ್ತಿಯಾಯಿತು. ನಾವು ಕೇಳಿದ್ದು ಒಂದು ಚಾವಣಿ ಮತ್ತು ಒಬ್ಬ ಕಾವಲುಗಾರ. ನನ್ನಂಥ ಹದಿನೇಳು ಪ್ರಯಾಣಿಕರು ಸಹಿ ಹಾಕಿ ಕೊಟ್ಟ ಅರ್ಜಿಗೆ ಎಂಟು ತಿಂಗಳ ಮೇಲೆ ಚಾವಣಿ ಬಂತು. ಈಗ ಎಂಟು ಗಂಟೆಯೊಳಗೇ ಅಲ್ಲಿ ಜಾಗವೆಲ್ಲ ತುಂಬಿರುತ್ತದೆ. ಕಾವಲುಗಾರನಿಗಾಗಿ ಎರಡನೇ ಅರ್ಜಿ ಹೋಗಿದೆ, ಈ ಸಲ ಸಹಿಗಳು ಅರುವತ್ತು ದಾಟಿವೆ.