ಒಂದೇ ಊರಿನ ನಾಲ್ಕು ಜಾನ್ ಜೋನ್ಸ್: ವೇಲ್ಸ್‌ನ ಹಳ್ಳಿಯಲ್ಲಿ ವಂಶದ ಬೇರು ಹುಡುಕುವುದು ಹೇಗೆ?

ವೇಲ್ಸ್‌ನ ಯಾವುದೇ ಹಳ್ಳಿಯ 19ನೇ ಶತಮಾನದ ಜನಗಣತಿ ಹಾಳೆ ತೆರೆಯಿರಿ. ಜೋನ್ಸ್, ಡೇವಿಸ್, ಇವಾನ್ಸ್, ವಿಲಿಯಮ್ಸ್, ಥಾಮಸ್. ಇವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರಿನಲ್ಲಿ, ಹೆಚ್ಚುಕಮ್ಮಿ ಒಂದೇ ವಯಸ್ಸಿನ ನಾಲ್ವರು ಜಾನ್ ಜೋನ್ಸ್ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಹೆಸರನ್ನೇ ನಂಬಿ ಹೊರಟವರು ಮೂರನೇ ತಲೆಮಾರು ಮುಟ್ಟುವ ಮೊದಲೇ ಬೇರೆಯವರ ಮುತ್ತಾತನನ್ನು ತಮ್ಮ ಮನೆಗೆ ಕರೆತಂದಿರುತ್ತಾರೆ. ಇಲ್ಲಿ ಹಿಡಿಯಬೇಕಾದ ಎಳೆ ಮನುಷ್ಯನ ಹೆಸರಲ್ಲ, ಮನೆಯ ಹೆಸರು. ವೇಲ್ಸ್‌ನ ಹಳ್ಳಿಗಾಡಿನಲ್ಲಿ ಒಕ್ಕಲು ಮನೆಗೂ ಗುಡ್ಡದ ಮೇಲಿನ ಗುಡಿಸಲಿಗೂ ಒಂದೊಂದು ಹೆಸರಿದೆ. ಊರವರು ಜಾನ್ ಜೋನ್ಸ್‌ನನ್ನು ಗುರುತಿಸುತ್ತಿದ್ದದ್ದೂ ಹಾಗೆಯೇ: ಇಂಥ ಮನೆಯ ಜಾನ್.

ಉದಾಹರಣೆಗೆ ನಡು ವೇಲ್ಸ್‌ನ ಲಾನ್‌ಬ್ರಿನ್‌ಮೈರ್ ಎಂಬ ಪ್ಯಾರಿಷ್ ತೆಗೆದುಕೊಳ್ಳೋಣ. 1974ರವರೆಗೆ ಇದು ಮಾಂಟ್ಗಮರಿಶೈರ್ ಕೌಂಟಿಯಲ್ಲಿತ್ತು, ಈಗ ಪೊವಿಸ್‌ನಲ್ಲಿದೆ. ಹಳೆಯ ದಾಖಲೆಗಳೆಲ್ಲ ಹಳೆಯ ಕೌಂಟಿಯ ಹೆಸರಿನಲ್ಲೇ ಇವೆ. ಇದು ಗೊತ್ತಿಲ್ಲದೆ 'ಪೊವಿಸ್' ಎಂದು ಹುಡುಕಿ ಏನೂ ಸಿಗಲಿಲ್ಲವೆಂದು ಕೈಬಿಟ್ಟವರಿದ್ದಾರೆ.

ಮನೆಯಿಂದಲೇ ಶುರು

ಮೊದಲು ಕುಟುಂಬದ ಬೈಬಲ್, ಶವಸಂಸ್ಕಾರದ ಕಾರ್ಡು, ಹಳೆಯ ಪತ್ರ, ಫೋಟೊದ ಬೆನ್ನು ಇವನ್ನೆಲ್ಲ ನೋಡಿ ಮೂರು ಸಂಗತಿ ಬರೆದುಕೊಳ್ಳಿ: ಹೆಸರು ಮತ್ತು ತಾರೀಕು, ಒಕ್ಕಲು ಮನೆಯ ಹೆಸರು, ಕುಟುಂಬ ಹೋಗುತ್ತಿದ್ದ ಚಾಪೆಲ್ (ಸರ್ಕಾರಿ ಮನ್ನಣೆಯ ಚರ್ಚಿನಿಂದ ಹೊರಗುಳಿದ ಕ್ರೈಸ್ತ ಪಂಗಡಗಳ ಪ್ರಾರ್ಥನಾ ಮಂದಿರ) ಯಾವ ಪಂಗಡದ್ದು ಎಂಬುದು. ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಅರ್ಧ ಹುಡುಕಾಟ ನಿಲ್ಲುವುದು ಅದರ ಮೇಲೆಯೇ.

ಆಮೇಲೆ ಈಚಿನಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯಿರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಜನನದ ಸೂಚಿ ಎರಡು ಬಗೆಯದು. ಹಳೆಯ ಸೂಚಿಯಲ್ಲಿ ತಾಯಿಯ ತವರಿನ ಹೆಸರು ಬರುವುದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ (ಜುಲೈನಿಂದ ಸೆಪ್ಟೆಂಬರ್). ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ಇದೆ, ಅದನ್ನೇ ಬಳಸಿ. ಅಲ್ಲಿ ಕಾಣುವುದು ನೋಂದಣಿಯಾದ ತ್ರೈಮಾಸಿಕ, ಹುಟ್ಟಿದ್ದಲ್ಲ. ನೋಂದಾಯಿಸಲು 42 ದಿನ ಅವಕಾಶವಿತ್ತು. ಹಾಗಾಗಿ ಮಾರ್ಚ್‌ನ ಕೂಸು ಜೂನ್ ತ್ರೈಮಾಸಿಕದಲ್ಲಿ ಅಡಗಿರಬಹುದು. 1875ಕ್ಕೆ ಮೊದಲು ನೋಂದಾಯಿಸದವರಿಗೆ ದಂಡದ ಭಯವಿರಲಿಲ್ಲ, ಕೆಲವು ಮಕ್ಕಳು ಸೂಚಿಯಲ್ಲೇ ಇಲ್ಲ. ದುಡ್ಡು ಕೊಟ್ಟು ಪ್ರಮಾಣಪತ್ರ ತರಿಸುವುದಾದರೆ ಮದುವೆಯದಕ್ಕೆ ಆದ್ಯತೆ ಕೊಡಿ: ವಧೂವರರಿಬ್ಬರ ತಂದೆಯರ ಹೆಸರು, ಕಸುಬು ಅದರಲ್ಲಿರುತ್ತವೆ.

ಜನಗಣತಿ 1841ರಿಂದ 1921ರವರೆಗೆ ತೆರೆದಿದೆ. 1931ರದು ಬೆಂಕಿಗೆ ಸಿಕ್ಕಿ ನಾಶವಾಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ನಡುವಿನ ಕಂದಕಕ್ಕೆ ಯುದ್ಧ ಶುರುವಾದಾಗ ಮನೆಮನೆಯವರ ಹೆಸರು ಬರೆದುಕೊಂಡ 1939ರ ಸೆಪ್ಟೆಂಬರ್ 29ರ ರಿಜಿಸ್ಟರ್ ಒಂದೇ ಸೇತುವೆ. 1841ರ ಹಾಳೆಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು: 44 ವರ್ಷದವನು ಅಲ್ಲಿ 40. ಹುಟ್ಟೂರಿನ ಪ್ಯಾರಿಷ್ ಸಿಗುವುದು 1851ರಿಂದ. ವೇಲ್ಸ್‌ನಲ್ಲಿ 1891ರಿಂದ ಭಾಷೆಯ ಕಾಲಂ ಕೂಡ ಇದೆ: ವೆಲ್ಷ್, ಇಂಗ್ಲಿಷ್, ಅಥವಾ ಎರಡೂ. 1911ರ ಹಾಳೆ ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ತೀರಿಕೊಂಡರು ಎಂಬುದನ್ನೂ ಹೇಳುತ್ತದೆ. ಪ್ರತಿ ಗಣತಿಯಲ್ಲೂ ಅಕ್ಕಪಕ್ಕದ ಎರಡೆರಡು ಮನೆಗಳನ್ನು ಸೇರಿಸಿ ಬರೆದಿಟ್ಟುಕೊಳ್ಳಿ. ಮನೆಯ ಹೆಸರಿನ ಕಾಗುಣಿತ ಕೆಟ್ಟಿದ್ದಾಗ ನೆರೆಮನೆಯೇ ಜಾಗ ತೋರಿಸುತ್ತದೆ.

ಮಗನ ಅಡ್ಡಹೆಸರು ಅಪ್ಪನದ್ದಲ್ಲ

1837ಕ್ಕಿಂತ ಹಿಂದೆ ಹೋದರೆ ಕಾಲಡಿಯ ನೆಲ ಅಲುಗುತ್ತದೆ. ವೇಲ್ಸ್‌ನಲ್ಲಿ ಕುಲನಾಮ ಬೇರೂರಿದ್ದು ತಡವಾಗಿ. ಮೊದಲು ಮಗ ತಂದೆಯ ಹೆಸರನ್ನು ತನ್ನ ಹೆಸರಿನ ನಂತರ ಇಟ್ಟುಕೊಳ್ಳುತ್ತಿದ್ದ. 'ಆಪ್' ಅಥವಾ 'ಆಬ್' ಎಂದರೆ 'ಮಗ', 'ವೆರ್ಚ್' ಎಂದರೆ 'ಮಗಳು'. ಆಪ್ ಹೌವೆಲ್ ಪೊವೆಲ್ ಆದ, ಆಪ್ ರೀಸ್ ಪ್ರೈಸ್ ಆದ, ಆಪ್ ಹ್ಯೂ ಪ್ಯೂ ಆದ, ಆಬ್ ಓವೆನ್ ಬೋವೆನ್ ಆದ. ತಂದೆಯ ಹೆಸರನ್ನು ಇನಿಷಿಯಲ್ ಮಾಡಿಕೊಂಡು ಪಾಸ್‌ಪೋರ್ಟ್ ಕಚೇರಿಯಲ್ಲಿ 'ಸರ್‌ನೇಮ್ ಏನು?' ಎಂಬ ಪ್ರಶ್ನೆಗೆ ತಡವರಿಸುವ ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಬಡ ಒಕ್ಕಲುಗಳಲ್ಲಿ ಈ ಪದ್ಧತಿ 19ನೇ ಶತಮಾನದ ಆರಂಭದವರೆಗೂ ಉಳಿದಿತ್ತು. ಇವಾನ್ ಥಾಮಸ್‌ನ ಮಗ ಡೇವಿಡ್ ಇವಾನ್, ಅವನ ಮಗ ಜಾನ್ ಡೇವಿಡ್, ದೊಡ್ಡವನಾದ ಮೇಲೆ ಬರೆಸಿಕೊಂಡದ್ದು ಜಾನ್ ಡೇವಿಸ್. ಅದೇ ಮನೆಯ ಇನ್ನೊಬ್ಬ ಮಗ ಅಜ್ಜನ ಹೆಸರು ಹಿಡಿದು ಇವಾನ್ಸ್ ಆಗಿರಬಹುದು. ಒಡಹುಟ್ಟಿದವರು, ಎರಡು ಕುಲನಾಮ! ಮದುವೆಯಾದ ಹೆಣ್ಣೂ ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಿದ್ದಳು. ಅವಳ ಸಮಾಧಿ ದಾಖಲೆಯನ್ನು ಗಂಡನ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಅಳಿಸುವ ಪಟ್ಟಿ. ನಿಮ್ಮ ಜಾನ್ ಡೇವಿಸ್ 1795ರ ಸುಮಾರಿಗೆ ಹುಟ್ಟಿದವನಾದರೆ, 1790ರಿಂದ 1800ರವರೆಗೆ ಆ ಪ್ಯಾರಿಷ್ ಮತ್ತು ಅದಕ್ಕೆ ತಾಗಿದ ಪ್ಯಾರಿಷ್‌ಗಳಲ್ಲಿ ಡೇವಿಡ್ ಎಂಬ ತಂದೆಗೆ ಹುಟ್ಟಿದ ಎಲ್ಲ ಜಾನ್‌ಗಳನ್ನೂ ಪಟ್ಟಿ ಮಾಡಿ. ಕೂಸಾಗಿದ್ದಾಗಲೇ ಮಣ್ಣಾದವರನ್ನು ಸಮಾಧಿ ರಿಜಿಸ್ಟರ್ ನೋಡಿ ಹೊಡೆದುಹಾಕಿ. ಬೇರೆ ಮನೆಯಲ್ಲಿ ಬೇರೆ ಹೆಂಡತಿಯೊಂದಿಗೆ ಇರುವವರನ್ನು ಜನಗಣತಿ ನೋಡಿ ತೆಗೆಯಿರಿ. ಒಬ್ಬನೇ ಉಳಿದರೆ ಮುಂದೆ ಹೋಗಿ. ಇಬ್ಬರು ಉಳಿದರೆ ಇಬ್ಬರನ್ನೂ ಪೆನ್ಸಿಲ್‌ನಲ್ಲೇ ಇಟ್ಟುಕೊಳ್ಳಿ. ಆನ್‌ಲೈನ್ ವಂಶವೃಕ್ಷಗಳಲ್ಲಿ ತಪ್ಪು ಹೊಕ್ಕಿರುವುದು ಈ ಜಾಗದಲ್ಲೇ. ಒಬ್ಬರು ಊಹಿಸಿದ್ದನ್ನು ಉಳಿದವರು ನಕಲು ಮಾಡಿರುತ್ತಾರೆ.

ಚರ್ಚಿನ ಪುಸ್ತಕ, ಚಾಪೆಲ್ಲಿನ ಪುಸ್ತಕ

ಪ್ಯಾರಿಷ್ ರಿಜಿಸ್ಟರ್ ಇಡಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಾದರೂ ವೇಲ್ಸ್‌ನಲ್ಲಿ 1660ಕ್ಕಿಂತ ಹಿಂದಿನವು ಉಳಿದದ್ದು ಕಡಿಮೆ. 1813ರ ಜನವರಿಯಿಂದ ಅಚ್ಚಾದ ನಮೂನೆ ಬಂತು. ಅಲ್ಲಿಂದೀಚೆಗೆ ದೀಕ್ಷಾಸ್ನಾನದ ದಾಖಲೆಯಲ್ಲಿ ಮನೆಯ ಹೆಸರು, ತಂದೆಯ ಕಸುಬು ಎರಡೂ ಸಿಗುತ್ತವೆ. ಅದಕ್ಕೂ ಹಿಂದೆ ಎಲ್ಲವೂ ಪಾದ್ರಿಯ ಮರ್ಜಿ. 1754ರಿಂದ 1837ರವರೆಗಿನ ಮದುವೆ ದಾಖಲೆಯಲ್ಲಿ ತಂದೆಯ ಹೆಸರಿರುವುದಿಲ್ಲ, ಸಾಕ್ಷಿಗಳ ಸಹಿ ಇರುತ್ತದೆ. ಆ ಸಾಕ್ಷಿ ಅಣ್ಣನೋ ಭಾವನೋ ಆಗಿರುವ ಸಂಭವ ಹೆಚ್ಚು. 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. '1740 ಫೆಬ್ರುವರಿ' ಎಂದಿದ್ದರೆ ನಮ್ಮ ಲೆಕ್ಕದಲ್ಲಿ 1741. ಮದುವೆಗೆ ಮೊದಲೇ ಮಗು ಹುಟ್ಟಿತೆಂದು ತೀರ್ಪು ಕೊಡುವ ಮುನ್ನ ಇದನ್ನು ಸರಿಪಡಿಸಿಕೊಳ್ಳಿ. ರಿಜಿಸ್ಟರ್‌ನಲ್ಲಿ ಪುಟ ಹರಿದಿದ್ದರೆ ಬಿಷಪ್‌ಗೆ ವರ್ಷವರ್ಷ ಕಳಿಸುತ್ತಿದ್ದ ನಕಲು ಪ್ರತಿಯನ್ನು ನೋಡಬಹುದು.

ದೀಕ್ಷಾಸ್ನಾನವೇ ಸಿಗದಿದ್ದರೆ? ಆಗ ಚಾಪೆಲ್. ಲಾನ್‌ಬ್ರಿನ್‌ಮೈರ್‌ನಲ್ಲಿ ಇಂಡಿಪೆಂಡೆಂಟ್ ಪಂಗಡದ 'ಹೆನ್ ಗಪೆಲ್' 1739ರಿಂದ ಇದೆ. ಅಲ್ಲಿಯ ಕುಟುಂಬಗಳ ಮಕ್ಕಳು ಪ್ಯಾರಿಷ್ ಪುಸ್ತಕದಲ್ಲಿ ಇಲ್ಲದಿರುವುದು ಸಹಜ. ಅವೇ ಕುಟುಂಬಗಳ 1754ರಿಂದ 1837ರವರೆಗಿನ ಮದುವೆ ಮಾತ್ರ ಪ್ಯಾರಿಷ್ ಚರ್ಚಿನಲ್ಲೇ ಸಿಗುತ್ತದೆ, ಏಕೆಂದರೆ ಕ್ವೇಕರ್ ಪಂಗಡದವರನ್ನು ಮತ್ತು ಯಹೂದಿಗಳನ್ನು ಬಿಟ್ಟು ಎಲ್ಲರೂ ಅಲ್ಲಿಯೇ ಮದುವೆಯಾಗಬೇಕೆಂಬ ಕಾನೂನಿತ್ತು. ಬ್ಯಾಪ್ಟಿಸ್ಟರು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದೇ ಇಲ್ಲ. 1837ಕ್ಕೆ ಹಿಂದಿನ ಚಾಪೆಲ್ ರಿಜಿಸ್ಟರ್‌ಗಳಲ್ಲಿ ಸರ್ಕಾರಕ್ಕೆ ಒಪ್ಪಿಸಿದವು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ.

ಪಹಣಿಯಂಥ ನಕ್ಷೆ

ಚರ್ಚಿಗೆ ಧಾನ್ಯ, ಕುರಿ, ಉಣ್ಣೆಯ ರೂಪದಲ್ಲಿ ಕೊಡುತ್ತಿದ್ದ ದಶಮಾಂಶವನ್ನು (ಉತ್ಪನ್ನದ ಹತ್ತನೇ ಒಂದು ಪಾಲು) ಹಣಕ್ಕೆ ಬದಲಿಸಲು 1836ರಲ್ಲಿ ಕಾನೂನು ಬಂತು. ಅದಕ್ಕಾಗಿ ಪ್ಯಾರಿಷ್‌ಗಳನ್ನು ಅಳೆದು ನಕ್ಷೆ ಬರೆದರು. ವೇಲ್ಸ್‌ನ ಇಂಥ ಸಾವಿರಕ್ಕೂ ಹೆಚ್ಚು ನಕ್ಷೆಗಳು ಅಬೆರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತ. ಜೊತೆಗಿರುವ ಪಟ್ಟಿ ಥೇಟ್ ಪಹಣಿ: ಮಾಲೀಕ, ಅನುಭವದಾರ, ನಂಬರು, ಹೊಲದ ಹೆಸರು, ಸಾಗುವಳಿ, ವಿಸ್ತೀರ್ಣ.

ವಿಸ್ತೀರ್ಣ ಮೂರು ಅಂಕಿಗಳಲ್ಲಿರುತ್ತದೆ: ಎಕರೆ, ರೂಡ್, ಪರ್ಚ್. ಎಕರೆಗೆ 4 ರೂಡ್, ರೂಡ್‌ಗೆ 40 ಪರ್ಚ್. ನಮ್ಮ ಗುಂಟೆಗೆ ಇದು ಲೀಲಾಜಾಲವಾಗಿ ಹೊಂದುತ್ತದೆ: ಒಂದು ರೂಡ್ ಎಂದರೆ 10 ಗುಂಟೆ, 4 ಪರ್ಚ್ ಎಂದರೆ 1 ಗುಂಟೆ. '3-2-16' ಎಂದಿದ್ದರೆ 3 ಎಕರೆ 24 ಗುಂಟೆ.

ಮನೆಯ ಹೆಸರು ಇಲ್ಲಿ ಸಿಕ್ಕಿತೆಂದರೆ 1841ರ ಜನಗಣತಿಗೆ ಜೋಡಿಸಿ ನೋಡಿ. ಅನುಭವದಾರನ ಹೆಸರು ಎರಡರಲ್ಲೂ ಒಂದೇ ಆಗಿದ್ದರೆ ಗಟ್ಟಿ ನೆಲ ಸಿಕ್ಕಂತೆ. ಮಾಲೀಕ ದೊಡ್ಡ ಎಸ್ಟೇಟ್ ಆಗಿದ್ದರೆ ಇನ್ನೂ ಒಳ್ಳೆಯದು, ಗೇಣಿ ಲೆಕ್ಕ ಮತ್ತು ಗುತ್ತಿಗೆ ಪತ್ರಗಳು ತಲೆಮಾರುಗಳನ್ನು ಪೋಣಿಸಿಕೊಡುತ್ತವೆ. ಈ ಕೌಂಟಿಯಲ್ಲಿ ವಿನ್‌ಸ್ಟೇ ಮತ್ತು ಪೊವಿಸ್ ಕ್ಯಾಸಲ್ ದೊಡ್ಡ ಎಸ್ಟೇಟ್‌ಗಳು; ಎರಡರ ಕಾಗದಪತ್ರವೂ ಅದೇ ಗ್ರಂಥಾಲಯದಲ್ಲಿದೆ. ಪೊವಿಸ್ ಕ್ಯಾಸಲ್ ಎಂದಾಗ ಶ್ರೀರಂಗಪಟ್ಟಣ ನೆನಪಾಗಬೇಕು. 1799ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್ ಆ ಮನೆತನದ ಅಳಿಯ, ಟಿಪ್ಪುವಿನ ಡೇರೆ ಈಗಲೂ ಆ ಕೋಟೆಯಲ್ಲಿದೆ.

1858ಕ್ಕೆ ಹಿಂದಿನ ವೆಲ್ಷ್ ಉಯಿಲುಗಳ ಚಿತ್ರಗಳೂ ಗ್ರಂಥಾಲಯದ ತಾಣದಲ್ಲಿ ಉಚಿತ. ಸಣ್ಣ ಒಕ್ಕಲಿಗನ ಉಯಿಲಿನಲ್ಲೂ ಹಸು, ಕುರಿ, ಮಂಚದ ಪಟ್ಟಿ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಅಳಿಯಂದಿರ ಹೆಸರು.

ಮಳೆಗಾಲವೂ ಹೆನ್ ಗಪೆಲ್ಲೂ

ವೆಲ್ಷ್ ಓದಲು ಬರಬೇಕಿಲ್ಲ, ಆದರೆ ಅದರ ಒಂದು ಚಾಳಿ ತಿಳಿದಿರಬೇಕು. ಪದದ ಮೊದಲ ಅಕ್ಷರ ಅಲ್ಲಿ ಬದಲಾಗುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆಗುವ ನಮ್ಮ ಆದೇಶ ಸಂಧಿಯಂತೆಯೇ ಕ, ತ, ಪ ಹೋಗಿ ಗ, ದ, ಬ ಬರುತ್ತವೆ. 'ಹೆನ್' ಎಂದರೆ ಹಳೆಯ, 'ಕಪೆಲ್' ಎಂದರೆ ಚಾಪೆಲ್, ಸೇರಿದರೆ 'ಹೆನ್ ಗಪೆಲ್'. 'ಮ' ಹೋಗಿ 'ವ' ಬರುತ್ತದೆ: ಗಿರಣಿಗೆ 'ಮೆಲಿನ್', ಮನೆಯ ಹೆಸರಿನಲ್ಲಿ 'ವೆಲಿನ್'. ಸೂಚಿಯಲ್ಲಿ ಎರಡೂ ರೂಪ ಹುಡುಕಿ. 'ಉಖಾವ್' ಮೇಲಿನದು, 'ಇಸಾವ್' ಕೆಳಗಿನದು. ಒಂದೇ ಹೆಸರಿನ ಎರಡು ಮನೆಗಳನ್ನು ಬೇರೆ ಮಾಡುವ ಈ ಪದವನ್ನು ಗುಮಾಸ್ತರು ಎಷ್ಟೋ ಸಲ ಬಿಟ್ಟುಬಿಟ್ಟಿದ್ದಾರೆ.

ಸಮಾಧಿ ಕಲ್ಲಿಗೂ ನಾಲ್ಕೈದು ಪದ ಸಾಕು. 'ಎರ್ ಕೋವ್ ಆಮ್' ಎಂದರೆ ನೆನಪಿಗಾಗಿ, 'ಮಾಬ್' ಮಗ, 'ಮೆರ್ಚ್' ಮಗಳು, 'ಪ್ರಿಯೋದ್' ಗಂಡ ಅಥವಾ ಹೆಂಡತಿ, 'ಬೂ ವಾರು' ತೀರಿಕೊಂಡರು. ಸ್ಲೇಟ್ ಕಲ್ಲಿನ ಕೆತ್ತನೆ ಬೇಗ ಸವೆಯುವುದಿಲ್ಲ, ಮನೆಯ ಹೆಸರೂ ಅದರ ಮೇಲೆ ಇರುತ್ತದೆ. ಬ್ರಷ್ ಹಾಕಿ ತಿಕ್ಕಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆದರೆ ಸಾಕು.

ಅಬೆರಿಸ್ಟ್‌ವಿತ್‌ಗೆ ಹೋಗುವುದಾದರೆ ಗುರುತು ಮತ್ತು ವಿಳಾಸದ ದಾಖಲೆ ಒಯ್ದು ಓದುಗರ ಚೀಟಿ ಮಾಡಿಸಿಕೊಳ್ಳಿ. ಹಳೆಯ ಹಾಳೆಗಳ ಬಳಿ ಪೆನ್ಸಿಲ್ ಮಾತ್ರ, ಪೆನ್ನು ಕೂಡದು.

ಎಲ್ಲ ನೋಡಿದ ಮೇಲೂ ಒಂದು ಕವಲು ಪ್ಯಾರಿಷ್‌ನಿಂದಲೇ ಮಾಯವಾಗಿದ್ದರೆ ಸಮುದ್ರದಾಚೆ ನೋಡಿ. ಲಾನ್‌ಬ್ರಿನ್‌ಮೈರ್‌ನಿಂದ 1795ರಲ್ಲೇ ಒಂದು ಗುಂಪು ಅಮೆರಿಕಕ್ಕೆ ಹೊರಟಿತು. ಅದರಲ್ಲಿದ್ದ ಎಡ್ವರ್ಡ್ ಬೆಬ್‌ನ ಮಗ ವಿಲಿಯಂ 1846ರಲ್ಲಿ ಓಹಾಯೋ ರಾಜ್ಯದ ಗವರ್ನರ್ ಆದ. ಅಲ್ಲಿ ನೆಲೆಸಿದವರಿಗಾಗಿ 1851ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ವೆಲ್ಷ್ ಪತ್ರಿಕೆ 'ಅ ಡ್ರಿಖ್'ನ ಮರಣವಾರ್ತೆಗಳನ್ನು ತಿರುವಿಹಾಕಿ. ಸತ್ತವರ ಹುಟ್ಟೂರನ್ನಷ್ಟೇ ಅಲ್ಲ, ಕೆಲವೊಮ್ಮೆ ಹುಟ್ಟಿದ ಮನೆಯ ಹೆಸರನ್ನೂ ಅಲ್ಲಿ ಬರೆದಿರುತ್ತಾರೆ.